ವಾರಂಟಿ ರಿಪೇರಿಗೆ ಕೊಟ್ಟ ಲ್ಯಾಪ್‌ಟಾಪ್ ಗೀರು ಬಿದ್ದು ವಾಪಸ್ ಬಂತಾ? ಪದೇ ಪದೇ ಕೇಳುವ ಪ್ರಶ್ನೆಗಳು

ಕಳೆದ ವರ್ಷ ಗಣೇಶ ಚೌತಿ ಮುಗಿದ ವಾರ ನನ್ನ ಮಗಳ ಲ್ಯಾಪ್‌ಟಾಪ್‌ನ ಕೀಬೋರ್ಡ್ ಕೆಟ್ಟಿತು. ವಾರಂಟಿ ಇನ್ನೂ ಐದು ತಿಂಗಳಿತ್ತು. ಮುಂಬಯಿ ಪಕ್ಕದ ಡೊಂಬಿವಿಲಿಯಿಂದ ಘಾಟ್ಕೋಪರ್‌ವರೆಗೆ ಲೋಕಲ್ ರೈಲು, ಅಲ್ಲಿಂದ ಮೆಟ್ರೋ ಹಿಡಿದು ಅಂಧೇರಿ ಕಡೆಯ ಒಂದು ಸರ್ವಿಸ್ ಸೆಂಟರ್‌ಗೆ ಕೊಟ್ಟು ಬಂದೆ. ಎಂಟು ದಿನಕ್ಕೆ ಫೋನ್ ಬಂತು, ಹೋಗಿ ತಂದೆ. ರಾತ್ರಿ ಮಗಳು ಟ್ಯೂಬ್‌ಲೈಟ್ ಕೆಳಗೆ ಕೂತು ಒಂದೊಂದೇ ಕೀ ಒತ್ತಿ ನೋಡಿದಳು, ಎಲ್ಲ ಸರಿಯಾಗಿತ್ತು. ಆಮೇಲೆ ಅಂಗೈ ಇಡುವ ಜಾಗದ ಮೇಲೆ ಬೆರಳಾಡಿಸಿ, "ಅಮ್ಮಾ, ಇದೇನು?" ಅಂದಳು.

ಟಚ್‌ಪ್ಯಾಡ್‌ನ ಬಲಕ್ಕೆ ಒಂದೂವರೆ ಇಂಚಿನ ಬಿಳಿ ಗೀರು. ಶುರುವಿನಲ್ಲಿ ಆಳ, ಹೋಗ್ತಾ ಹೋಗ್ತಾ ಸಪೂರ. ಸ್ಕ್ರೂಡ್ರೈವರ್ ಜಾರಿದರೆ ಬೀಳುವಂಥದ್ದು. ತಿರುಗಿಸಿ ನೋಡಿದರೆ ತಳದ ಮೂಲೆಯಲ್ಲಿ ಉಗುರು ಹೋಗುವಷ್ಟು ಸಂದು. ನಾನು ಇದ್ಯಾವುದನ್ನೂ ನೋಡದೆ, ಸಂಜೆಯ ರಶ್ ಶುರುವಾಗುವ ಮೊದಲು ಲೋಕಲ್ ಹಿಡಿಯಬೇಕು ಅಂತ, "ಒಳ್ಳೆಯ ಸ್ಥಿತಿಯಲ್ಲಿ ಪಡೆದುಕೊಂಡೆ" ಎನ್ನುವ ಕಾಗದಕ್ಕೆ ಸಹಿ ಹಾಕಿ ಬಂದಿದ್ದೆ.

ಸರಿ ಮಾಡಿಸಿಕೊಳ್ಳಲು 24 ದಿನ ಹಿಡಿಯಿತು. ಅದಾದ ಮೇಲೆ ನಮ್ಮ ಕನ್ನಡದವರ ಬಳಗದಲ್ಲಿ ಯಾರಿಗೆ ಹೀಗಾದರೂ ನನಗೆ ಫೋನ್ ಬರುತ್ತದೆ. ಎಲ್ಲರ ಪ್ರಶ್ನೆಗಳೂ ಹೆಚ್ಚು ಕಡಿಮೆ ಒಂದೇ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ಕೌಂಟರ್‌ನಲ್ಲಿ ನಿಂತಿದ್ದೇನೆ, ಗೀರು ಕಣ್ಣಿಗೆ ಬಿತ್ತು. ಈಗ ಏನು ಮಾಡಲಿ?

ಸಹಿ ಹಾಕಬೇಡಿ. ಒಟಿಪಿ ಕೇಳಿದರೆ ಅದನ್ನೂ ಹೇಳಬೇಡಿ. ಎಷ್ಟೋ ಕಡೆ ಈಗ ಕಾಗದವೇ ಇಲ್ಲ, ಫೋನಿಗೆ ಬಂದ ಒಟಿಪಿ ಹೇಳಿದ ಕೂಡಲೇ ಅವರ ಕಡೆ ಕೇಸ್ ಮುಚ್ಚಿಹೋಗುತ್ತದೆ, ಅಂದರೆ ಅದೇ ನಿಮ್ಮ ಸಹಿ.

ಲ್ಯಾಪ್‌ಟಾಪ್ ಅಲ್ಲೇ ಕೌಂಟರ್ ಮೇಲೆ ಇರಲಿ. ಅದು ಅಲ್ಲಿರುವಾಗಲೇ, ಹಿಂದೆ ಅವರ ಬೋರ್ಡೋ ಟೋಕನ್ ಮಷಿನ್ನೋ ಕಾಣುವ ಹಾಗೆ ಫೋಟೋ ತೆಗೆಯಿರಿ. ಗೀರಿನ ಹತ್ತಿರದ ಫೋಟೋ ಬೇರೆ, ಇಡೀ ಲ್ಯಾಪ್‌ಟಾಪ್ ಕಾಣುವ ಫೋಟೋ ಬೇರೆ. ಕೌಂಟರ್‌ನವರು "ಯೇ ತೋ ಪೆಹಲೇ ಸೇ ಥಾ ಮ್ಯಾಡಮ್" ಅನ್ನುತ್ತಾರೆ. ಜಗಳ ಬೇಡ. ಜಾಬ್ ಶೀಟ್ (ರಿಪೇರಿಗೆ ಕೊಟ್ಟ ದಿನ ಅವರು ಬರೆದುಕೊಟ್ಟ ಕಾಗದ) ತೆಗೆದು, ಮೊದಲೇ ಇದ್ದರೆ ನೀವು ಇದರಲ್ಲಿ ಬರೆದಿರಬೇಕಲ್ವಾ, ಎಲ್ಲಿದೆ ತೋರಿಸಿ ಅಂತ ಕೇಳಿ. ಆ ಹುಡುಗರಿಗೆ ಹೊಸ ಪ್ಯಾನೆಲ್ (ಮೈಯ ಹೊರಕವಚದ ಭಾಗ) ಕೊಡಿಸುವ ಅಧಿಕಾರ ಇರುವುದಿಲ್ಲ. ಹಾಗಾಗಿ ಮ್ಯಾನೇಜರ್‌ನ ಕರೆಸಿ.

ತುರ್ತಾಗಿ ಬೇಕೇ ಬೇಕು, ತೆಗೆದುಕೊಂಡು ಹೋಗದೆ ದಾರಿಯಿಲ್ಲ ಅಂತಿದ್ದರೆ ಸಹಿಯ ಮೇಲ್ಗಡೆ ನಿಮ್ಮ ಕೈಯಲ್ಲೇ ಬರೆಯಿರಿ: "ಟಚ್‌ಪ್ಯಾಡ್ ಪಕ್ಕ ಹೊಸ ಗೀರು ಇದೆ, ಕೊಡುವಾಗ ಇರಲಿಲ್ಲ, ಆಕ್ಷೇಪ ಇಟ್ಟುಕೊಂಡು ಪಡೆದಿದ್ದೇನೆ." ಕನ್ನಡದಲ್ಲಿ ಬರೆದರೆ ಅವರಿಗೆ ಓದಲು ಬರುವುದಿಲ್ಲ, ಹಿಂದಿಯಲ್ಲೋ ಇಂಗ್ಲಿಷ್‌ನಲ್ಲೋ ಮರಾಠಿಯಲ್ಲೋ ಬರೆಯಿರಿ. ಬರೆದ ಕಾಗದದ ಫೋಟೋ ತೆಗೆದುಕೊಳ್ಳಿ. ಒಟಿಪಿ ಮಾತ್ರ ಇರುವ ಕಡೆ, ಇದೇ ಮಾತನ್ನು ಅವರ ಮೇಲ್‌ಗೆ ಅಲ್ಲೇ ನಿಂತು ಕಳಿಸಿ, ಆಮೇಲೆ ಒಟಿಪಿ ಕೊಡಿ. ಎರಡು ನಿಮಿಷದ ಕೆಲಸ. ನಾನು ಮಾಡದೆ ಬಿಟ್ಟದ್ದು ಇದೊಂದನ್ನೇ. ಮುಂದಿನ ಪತ್ರಗಳೆಲ್ಲ ಅದರಿಂದಲೇ ಬಂದವು.

ನೋಡುವುದು ಅಂದರೆ ಎಲ್ಲೆಲ್ಲಿ ನೋಡಬೇಕು?

ಮೊದಲು ಬೆಳಕು. ಸರ್ವಿಸ್ ಸೆಂಟರ್‌ನ ಮೇಲಿನ ಲೈಟಿನಲ್ಲಿ ಗೀರು ಕಾಣುವುದಿಲ್ಲ. ಫೋನಿನ ಟಾರ್ಚ್ ಹಚ್ಚಿ, ಲ್ಯಾಪ್‌ಟಾಪ್‌ನ ಮೈಗೆ ಮಲಗಿಸಿದ ಹಾಗೆ ಓರೆಯಾಗಿ ಹಿಡಿಯಿರಿ. ನೇರ ಬೆಳಕಿನಲ್ಲಿ ಮಾಯವಾಗಿದ್ದ ಗೀರು, ನೆಗ್ಗು, ಉಬ್ಬು ಎಲ್ಲ ನೆರಳು ಬಿಟ್ಟು ಎದ್ದು ಕಾಣುತ್ತವೆ.

ರಿಪೇರಿಯವರು ಲ್ಯಾಪ್‌ಟಾಪ್‌ನ ಮೈಯನ್ನು ಎ, ಬಿ, ಸಿ, ಡಿ ಪ್ಯಾನೆಲ್ ಅಂತ ಕರೆಯುತ್ತಾರೆ. ಇದನ್ನು ತಿಳಿದುಕೊಂಡರೆ ಅವರ ಜೊತೆ ಮಾತಾಡುವುದೂ ಸುಲಭ. ಮುಚ್ಚಿದಾಗ ಮೇಲೆ ಕಾಣುವ ಬೆನ್ನು ಎ. ಡಿಸ್ಪ್ಲೇ ಸುತ್ತಲಿನ ಚೌಕಟ್ಟು ಬಿ. ಕೀಬೋರ್ಡ್, ಟಚ್‌ಪ್ಯಾಡ್ ಕೂತಿರುವುದು ಸಿ. ತಳ ಡಿ. ಬ್ಯಾಟರಿ, ಫ್ಯಾನ್, ಎಸ್‌ಎಸ್‌ಡಿ (ಫೈಲುಗಳು ಇರುವ ಡ್ರೈವ್) ಕೆಲಸಕ್ಕೆ ಸಾಮಾನ್ಯವಾಗಿ ಡಿ ಮಾತ್ರ ಬಿಚ್ಚುತ್ತಾರೆ. ಡಿಸ್ಪ್ಲೇ ಬದಲಿಸಲು ಬಿ ಎಬ್ಬಿಸಬೇಕು. ಹಿಂಜ್ (ಡಿಸ್ಪ್ಲೇ ಮಡಚುವ ಕೀಲು) ಕೆಲಸ ಅಂದರೆ ಹೆಚ್ಚು ಕಡಿಮೆ ಎಲ್ಲವನ್ನೂ ಮುಟ್ಟಬೇಕು. ನಿಮ್ಮ ಜಾಬ್ ಶೀಟ್‌ನಲ್ಲಿ ಯಾವ ಕೆಲಸ ಬರೆದಿದೆಯೋ ನೋಡಿ, ಆ ಪ್ಯಾನೆಲ್‌ನ ಅಂಚುಗಳಿಂದ ಶುರು ಮಾಡಿ.

ಅಂಚಿನ ಒಳಗೆ ಸಣ್ಣ ಪ್ಲಾಸ್ಟಿಕ್ ಲಾಕ್‌ಗಳಿರುತ್ತವೆ. ಅವನ್ನು ಪ್ಲಾಸ್ಟಿಕ್ ಓಪನರ್‌ನಿಂದ ನಿಧಾನಕ್ಕೆ ಬಿಡಿಸಬೇಕು. ಅವಸರದಲ್ಲಿ ಲೋಹದ ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿದರೆ ಅಂಚಿನಲ್ಲಿ ಇಲಿ ಕಚ್ಚಿದ ಹಾಗೆ ಗುರುತು ಬೀಳುತ್ತದೆ, ಒಳಗಿನ ಲಾಕ್ ಮುರಿಯುತ್ತದೆ. ಲಾಕ್ ಮುರಿದ ಕಡೆ ಒತ್ತಿದರೆ ಟಕ್ ಅಂತ ಕೂರುತ್ತದೆ, ಬಿಟ್ಟರೆ ಮತ್ತೆ ಏಳುತ್ತದೆ. ಸುತ್ತಲೂ ಉಗುರು ಎಳೆದುಕೊಂಡು ಬನ್ನಿ, ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ನಿಲ್ಲಿಸಿ ನೋಡಿ.

ತಿರುಗಿಸಿ ಸ್ಕ್ರೂ ಎಣಿಸಿ. ಒಂದು ಕಡಿಮೆ ಇರುವುದು ಬಹಳ ಸಾಮಾನ್ಯ. ತಲೆ ಸವೆದು ಗುಂಡಗಾಗಿದೆಯಾ ನೋಡಿ, ಯಾಕೆಂದರೆ ಮುಂದಿನ ಸಲ ಅದನ್ನು ಬಿಚ್ಚಲು ಆಗದಿದ್ದರೆ "ನೀವೇ ಹಾಳು ಮಾಡಿದ್ದು" ಅನ್ನುವ ಮಾತು ಬರುತ್ತದೆ. ಒಂದೇ ಲ್ಯಾಪ್‌ಟಾಪ್‌ನಲ್ಲಿ ಉದ್ದ ಸ್ಕ್ರೂ, ಗಿಡ್ಡ ಸ್ಕ್ರೂ ಎರಡೂ ಇರುತ್ತವೆ. ಗಿಡ್ಡದರ ಜಾಗಕ್ಕೆ ಉದ್ದದ್ದು ಹಾಕಿ ಬಿಗಿದರೆ ಅದರ ತುದಿ ಸಿ ಪ್ಯಾನೆಲ್‌ಗೆ ಒತ್ತಿ ಮೇಲೆ ಸಾಸಿವೆಯಷ್ಟು ಉಬ್ಬು ಏಳುತ್ತದೆ. ಅಂಗೈಯಿಂದ ಸವರಿದರೆ ಗೊತ್ತಾಗುತ್ತದೆ. ಕೆಳಗಿನ ರಬ್ಬರ್ ಕಾಲುಗಳನ್ನೂ ಮುಟ್ಟಿ ನೋಡಿ. ಅದರ ಅಡಿಯಲ್ಲಿ ಸ್ಕ್ರೂ ಇದ್ದರೆ ಕಿತ್ತಿರುತ್ತಾರೆ, ಹಳೆ ಅಂಟಿನಲ್ಲೇ ಮತ್ತೆ ಅಂಟಿಸಿದ್ದು ವಾರದೊಳಗೆ ಬಿದ್ದುಹೋಗುತ್ತದೆ.

ಆಮೇಲೆ ಆನ್ ಮಾಡಿಸಿ. ಇಡೀ ಪರದೆ ಬೆಳ್ಳಗಿರುವ ಚಿತ್ರ ಒಂದು, ಪೂರ್ತಿ ಕಪ್ಪು ಚಿತ್ರ ಒಂದು ಹಾಕಿ ನೋಡಿ. ಬಿಳಿಯ ಮೇಲೆ ಮಸುಕು ಮಚ್ಚೆ ಕಂಡರೆ ಹಿಂದಿನಿಂದ ಒತ್ತಡ ಬಿದ್ದಿರಬಹುದು. ಡಿಸ್ಪ್ಲೇಯನ್ನು ನಿಧಾನಕ್ಕೆ ಮುಚ್ಚಿ ತೆರೆಯಿರಿ, ಎರಡು ಹಿಂಜ್‌ಗಳೂ ಒಟ್ಟಿಗೆ ಏಳಬೇಕು, ಕಟಕಟ ಅನ್ನಬಾರದು. ಯುಎಸ್‌ಬಿ, ಚಾರ್ಜಿಂಗ್ ತೂತು ಓರೆಯಾಗಿಲ್ಲ ತಾನೆ? ಕ್ಯಾಮೆರಾ, ಸ್ಪೀಕರ್? ಎಲ್ಲ ಸೇರಿ ಹತ್ತು ನಿಮಿಷ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗಿದರೆ ಗೊಣಗಲಿ, ಪಕ್ಕಕ್ಕೆ ಸರಿದು ನೋಡಿ, ಆದರೆ ನೋಡಿಯೇ ಬಿಡಿ.

"ವಾರಂಟಿಯಲ್ಲಿ ಗೀರು, ನೆಗ್ಗು ಕವರ್ ಆಗಲ್ಲ" ಅಂತಾರೆ. ನಿಜನಾ?

ವಾರಂಟಿ ಕಾಗದದಲ್ಲಿ ಹಾಗೆ ಬರೆದಿರುವುದು ನಿಜ. ಹೆಚ್ಚು ಕಡಿಮೆ ಎಲ್ಲ ಕಂಪನಿಗಳ ವಾರಂಟಿಯೂ ಹೊರಗಿನ ಗೀರು, ನೆಗ್ಗು, ಸವಕಳಿಯನ್ನು ಹೊರಗಿಡುತ್ತದೆ. ಆದರೆ ಅದು ನಿಮ್ಮ ಕೈಯಲ್ಲಿ ಇದ್ದಾಗ ಆದ ಗೀರಿನ ಮಾತು. ಅವರ ಕೈಯಲ್ಲಿ ಇದ್ದಾಗ ಆದದ್ದಕ್ಕೂ ವಾರಂಟಿಗೂ ಸಂಬಂಧವೇ ಇಲ್ಲ. ನಾನು ಇಷ್ಟುದ್ದ ಬರೆಯುತ್ತಿರುವುದೇ ಈ ಒಂದು ಮಾತಿಗೆ, ಯಾಕೆಂದರೆ ಮುಕ್ಕಾಲು ಜನ ಇಲ್ಲಿಗೇ ಸುಮ್ಮನಾಗಿ ಮನೆಗೆ ಬರುತ್ತಾರೆ.

ಸೀರೆಗೆ ಫಾಲ್ ಹಚ್ಚಲು ಕೊಟ್ಟಿರಿ ಅಂತಿಟ್ಟುಕೊಳ್ಳಿ. ಫಾಲ್ ಚೆನ್ನಾಗಿ ಹಚ್ಚಿದ್ದಾನೆ, ಆದರೆ ಸೆರಗಿನ ಮೇಲೆ ಇಸ್ತ್ರಿ ಸುಟ್ಟ ಕಲೆ. ಕೇಳಿದರೆ "ಸೀರೆ ಅಂಗಡಿಯವರ ಗ್ಯಾರಂಟಿಯಲ್ಲಿ ಸುಟ್ಟ ಕಲೆ ಬರಲ್ಲ ಅಕ್ಕ" ಅಂದರೆ ಒಪ್ಪುತ್ತೀರಾ? ಇಲ್ಲ ಅಲ್ವಾ. ಸುಟ್ಟವನು ಅವನು, ನೋಡಬೇಕಾದವನೂ ಅವನೇ.

ಕಾನೂನಿನಲ್ಲೂ ಹೀಗೇ ಇದೆ. 1872ರ ಭಾರತೀಯ ಕರಾರು ಕಾಯಿದೆಯ 151ನೇ ಕಲಂ ಪ್ರಕಾರ, ಒಂದು ಕೆಲಸಕ್ಕಾಗಿ ಬೇರೆಯವರ ವಸ್ತುವನ್ನು ತನ್ನ ವಶಕ್ಕೆ ತೆಗೆದುಕೊಂಡವನು, ಸಾಮಾನ್ಯ ವಿವೇಕ ಇರುವ ಮನುಷ್ಯ ತನ್ನದೇ ಅಂಥ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು ಜೋಪಾನ ಮಾಡಬೇಕು. ಇನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಸೇವಾ ನ್ಯೂನತೆ ಅಂದರೆ ಏನು ಅಂತ ಹೇಳುವಾಗ ನಿರ್ಲಕ್ಷ್ಯದಿಂದ ಗ್ರಾಹಕರಿಗೆ ಆದ ನಷ್ಟವನ್ನೂ ಸೇರಿಸಿದ್ದಾರೆ. "ರಿಪೇರಿ ಫ್ರೀ ಮಾಡಿಕೊಟ್ಟಿದ್ದೇವಲ್ಲ" ಅನ್ನುವ ಮಾತೂ ಬರುತ್ತದೆ. ಫ್ರೀ ಅಲ್ಲ ಅದು. ವಾರಂಟಿಯ ದುಡ್ಡು ಲ್ಯಾಪ್‌ಟಾಪ್ ಕೊಂಡ ದಿನವೇ ಬೆಲೆಯಲ್ಲಿ ಸೇರಿಸಿ ಕೊಟ್ಟಾಗಿದೆ.

ಹಾಗಾಗಿ ಮಾತಾಡುವಾಗ, ಬರೆಯುವಾಗ "ವಾರಂಟಿಯಲ್ಲಿ ಸರಿ ಮಾಡಿಕೊಡಿ" ಅನ್ನಬೇಡಿ. "ನಿಮ್ಮ ವಶದಲ್ಲಿದ್ದಾಗ ಆದ ಹಾನಿ, ಸರಿ ಮಾಡಿಕೊಡಿ" ಅನ್ನಿ. ಪದ ಒಂದು ಬದಲಾದರೆ ಅವರು ಕೊಡಬೇಕಾದ ಉತ್ತರವೂ ಬದಲಾಗುತ್ತದೆ.

ಸಹಿ ಹಾಕಿ ಮನೆಗೆ ಬಂದ ಮೇಲೆ ಕಂಡಿತು. ಮುಗೀತಾ?

ಮುಗಿದಿಲ್ಲ. ನಂದೂ ಹಾಗೇ ಆದದ್ದು. ಆದರೆ ಅದೇ ರಾತ್ರಿ ಮೇಲ್ ಹೋಗಬೇಕು. ನಾಳೆ ಬೆಳಿಗ್ಗೆ ಅಂತಲೂ ಬಿಡಬೇಡಿ. ಸಂಜೆ ಐದಕ್ಕೆ ತಂದ ಲ್ಯಾಪ್‌ಟಾಪ್ ಬಗ್ಗೆ ರಾತ್ರಿ ಒಂಬತ್ತಕ್ಕೆ ಬರೆದದ್ದನ್ನು ತಳ್ಳಿಹಾಕುವುದು ಕಷ್ಟ, ನಾಲ್ಕು ದಿನ ಬಿಟ್ಟು ಬರೆದದ್ದನ್ನು ತಳ್ಳಿಹಾಕುವುದು ಸುಲಭ. ಅಲ್ಲಿಯವರೆಗೆ ಅದನ್ನು ಬ್ಯಾಗಿಗೆ ಹಾಕಿಕೊಂಡು ಲೋಕಲ್‌ನಲ್ಲಿ ಓಡಾಡಬೇಡಿ. ಬೆಳಗಿನ ಎಂಟೂವರೆಯ ಗಾಡಿಯಲ್ಲಿ ಬ್ಯಾಗ್ ಎಷ್ಟು ಒತ್ತಿಸಿಕೊಳ್ಳುತ್ತದೆ ಅಂತ ಮುಂಬಯಿಯವರಿಗೆ ನಾನು ಹೇಳಬೇಕಾಗಿಲ್ಲ, ಸರ್ವಿಸ್ ಸೆಂಟರ್‌ನವರಿಗೂ ಅದು ಗೊತ್ತು, ಗೀರು ಅಲ್ಲೇ ಬಿದ್ದದ್ದು ಅನ್ನುತ್ತಾರೆ.

ಕೊಡುವ ಮೊದಲಿನ ಫೋಟೋ ಇಲ್ಲ. ಮೊದಲು ಗೀರು ಇರಲಿಲ್ಲ ಅಂತ ಹೇಗೆ ತೋರಿಸಲಿ?

ಇದೆ, ನೀವು ಹುಡುಕಿಲ್ಲ ಅಷ್ಟೇ. ನಾನೂ ಇಲ್ಲ ಅಂದುಕೊಂಡಿದ್ದೆ. ಮಗಳು ಫೋನಿನ ಗ್ಯಾಲರಿಯಲ್ಲಿ ಆ ತಿಂಗಳಿನದೆಲ್ಲ ಕೆದಕಿದಳು. ಗಣಪತಿ ಕೂರಿಸಿದ ದಿನ ತೆಗೆದ ಫೋಟೋ ಒಂದು ಸಿಕ್ಕಿತು. ಆರತಿ ಹಾಡು ಹಾಕಲು ಲ್ಯಾಪ್‌ಟಾಪ್ ತೆರೆದು ಪಕ್ಕದ ಸ್ಟೂಲ್ ಮೇಲೆ ಇಟ್ಟಿದ್ದೆವು. ದೊಡ್ಡದು ಮಾಡಿ ನೋಡಿದರೆ ಮೋದಕದ ತಟ್ಟೆಯ ಹಿಂದೆ ಟಚ್‌ಪ್ಯಾಡ್‌ನ ಬಲಗಡೆ ಪೂರ್ತಿ ಕಾಣುತ್ತಿತ್ತು. ನುಣುಪಾಗಿತ್ತು, ಒಂದು ಗೆರೆ ಇಲ್ಲ. ತಾರೀಕು ಫೋಟೋದಲ್ಲೇ ಇತ್ತು. ನಮ್ಮ ಕೇಸಿನಲ್ಲಿ ಅರ್ಧ ಕೆಲಸ ಮಾಡಿದ್ದು ಆ ಫೋಟೋ.

ಇನ್ನರ್ಧ ಅವರದೇ ಜಾಬ್ ಶೀಟ್. ಕೊಟ್ಟ ದಿನ ಹೊರಗಿನ ಸ್ಥಿತಿ ಅನ್ನುವ ಕಾಲಂನಲ್ಲಿ ಕೌಂಟರ್‌ನ ಹುಡುಗಿ "ಓಕೆ" ಅಂತ ಒಂದೇ ಪದ ಬರೆದಿದ್ದಳು. ಅವರು ತೆಗೆದುಕೊಳ್ಳುವಾಗ ಫೋಟೋ ತೆಗೆಯುವ ಪದ್ಧತಿ ಇದ್ದರೆ ಅದನ್ನು ಕಳಿಸಿ ಅಂತ ಬರೆದು ಕೇಳಿ. ಕೌಂಟರ್ ಮೇಲಿನ ಸಿಸಿಟಿವಿ ರೆಕಾರ್ಡಿಂಗ್ ಅಳಿಸದೆ ಉಳಿಸಿಡಿ ಅಂತಲೂ ಬರೆಯಿರಿ, ಯಾಕೆಂದರೆ ಅದು ಕೆಲವು ವಾರಕ್ಕೆ ತಾನಾಗಿ ಅಳಿಸಿಹೋಗುತ್ತದೆ.

ಗೀರು ತಾನೇ ಒಂದು ಸಾಕ್ಷಿ. ಅವರು ಬಿಚ್ಚಿದ ಅಂಚಿನಲ್ಲೇ, ಸ್ಕ್ರೂ ತೂತಿನ ಪಕ್ಕದಲ್ಲೇ ಇದೆ ಅಂದರೆ ಅದು ಮನೆಯಲ್ಲಿ ಬಿದ್ದದ್ದಲ್ಲ. ಇದನ್ನು ಮೇಲ್‌ನಲ್ಲಿ ನಾಲ್ಕು ಮಾತಿನಲ್ಲಿ ವಿವರಿಸಿ.

ಇನ್ನೂ ಕೊಟ್ಟಿಲ್ಲ, ನಾಳೆ ಕೊಡಬೇಕು. ಏನು ತಯಾರಿ?

ಮೊದಲು ಡೇಟಾ ಬ್ಯಾಕಪ್, ಅದು ಇಲ್ಲಿಯ ವಿಷಯ ಅಲ್ಲ, ಆದರೂ ಹೇಳದೆ ಇರಲಾರೆ. ಆಮೇಲೆ ಮೈ ಒರೆಸಿ, ಕಿಟಕಿ ಪಕ್ಕ ಇಟ್ಟು ನಾಲ್ಕೂ ಪ್ಯಾನೆಲ್, ನಾಲ್ಕೂ ಮೂಲೆ, ಎರಡೂ ಹಿಂಜ್, ತಳದ ಸೀರಿಯಲ್ ನಂಬರ್ ಫೋಟೋ ತೆಗೆಯಿರಿ. ಆನ್ ಆಗುತ್ತಿದ್ದರೆ ಒಂದು ನಿಮಿಷದ ವಿಡಿಯೋ. ಆ ಫೋಟೋಗಳನ್ನು ನಿಮ್ಮದೇ ಮೇಲ್‌ಗೆ ಕಳಿಸಿಟ್ಟುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಚಿಕ್ಕದಾಗುತ್ತದೆ, ಯಾವಾಗ ತೆಗೆದದ್ದು ಅನ್ನುವ ಒಳಗಿನ ಮಾಹಿತಿಯೂ ಹೋಗುತ್ತದೆ. ಹಾಗಾಗಿ ಮೂಲ ಫೈಲ್ ಅಳಿಸಬೇಡಿ.

ಕೌಂಟರ್‌ನಲ್ಲಿ ಜಾಬ್ ಶೀಟ್ ಬರೆಯುವಾಗ ಕಣ್ಣಿಟ್ಟು ನೋಡಿ. "ಸ್ಕ್ರ್ಯಾಚಸ್" ಅಂತ ಸುಮ್ನೆ ಒಂದು ಪದ ಹಾಕುತ್ತಾರೆ. ಆ ಪದ ಒಪ್ಪಿಕೊಂಡರೆ ಮುಂದೆ ಎಲ್ಲಿ ಎಂಥ ಗೀರು ಬಿದ್ದರೂ ಅದರೊಳಗೆ ಸೇರಿಸಿಬಿಡುತ್ತಾರೆ. ನಿಜವಾಗಿ ಗೀರು ಇದ್ದರೆ ಎಲ್ಲಿ, ಎಷ್ಟು ಅಂತ ಬರೆಸಿ: "ಎ ಪ್ಯಾನೆಲ್, ಎಡ ಮೂಲೆ, ಅರ್ಧ ಇಂಚು ಒಂದು ಗೀರು, ಬೇರೆ ಇಲ್ಲ." ಇನ್ನೊಂದು ಅಕ್ಷರ ಗುಚ್ಛ ನೆನಪಿರಲಿ, ಸಿಐಡಿ. ಗ್ರಾಹಕರೇ ಮಾಡಿದ ಹಾನಿ ಅಂತ ಅದರ ಅರ್ಥ. ಅದು ಶೀಟ್‌ನಲ್ಲಿ ಕಂಡರೆ ಯಾಕೆ ಅಂತ ಅಲ್ಲೇ ಕೇಳಿ, ಇಲ್ಲದಿದ್ದರೆ ವಾರಂಟಿಗೇ ಕುತ್ತು ಬರುತ್ತದೆ.

ಚಾರ್ಜರ್, ಬ್ಯಾಗ್, ಸ್ಲೀವ್ ಕೇಳದಿದ್ದರೆ ಕೊಡಬೇಡಿ. ಮಳೆಗಾಲದಲ್ಲಿ ಹೋಗುವುದಾದರೆ ದಪ್ಪ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿಕೊಂಡು ಹೋಗಿ. ಒದ್ದೆ ಬ್ಯಾಗಿನಿಂದ ತೆಗೆದದ್ದು ಕಂಡರೆ ಮೊದಲ ಪ್ರಶ್ನೆಯೇ ನೀರು ಬಿದ್ದಿತ್ತಾ ಅಂತ.

ಕೊರಿಯರ್‌ನಲ್ಲಿ ಕಳಿಸಿದ್ದೆ, ಬಾಕ್ಸ್ ತೆರೆದರೆ ಮೂಲೆ ನೆಗ್ಗಿದೆ.

ಬಾಕ್ಸ್ ತೆರೆಯುವುದನ್ನು ವಿಡಿಯೋ ಮಾಡಿದ್ದೀರಾ? ಮಾಡಿದ್ದರೆ ಕೆಲಸ ಹಗುರ. ಸೀಲ್ ಮಾಡಿದ ಬಾಕ್ಸ್, ಅದರ ಮೇಲಿನ ಲೇಬಲ್, ಆರೂ ಬದಿ, ಕತ್ತರಿ ಹಾಕುವುದು, ಲ್ಯಾಪ್‌ಟಾಪ್ ಹೊರಬರುವುದು, ಎಲ್ಲ ಒಂದೇ ಓಟದಲ್ಲಿ ಇರಬೇಕು, ನಡುವೆ ನಿಲ್ಲಿಸಬಾರದು. ಬಾಕ್ಸ್, ಥರ್ಮಾಕೋಲ್, ಬಬಲ್ ಶೀಟ್ ಬಿಸಾಡಬೇಡಿ. ಬಾಕ್ಸ್‌ನ ಮೂಲೆಯೂ ಅದೇ ಕಡೆ ಜಜ್ಜಿದ್ದರೆ ದಾರಿಯಲ್ಲಿ ಆದದ್ದು, ಬಾಕ್ಸ್ ಚೆನ್ನಾಗಿದ್ದು ಒಳಗೆ ಮಾತ್ರ ನೆಗ್ಗಿದ್ದರೆ ಪ್ಯಾಕ್ ಮಾಡುವ ಮೊದಲೇ ಆದದ್ದು. ಕೊರಿಯರ್ ಗೊತ್ತುಮಾಡಿದ್ದು ಕಂಪನಿಯಾದರೆ ಆ ಜಗಳ ಅವರಿಬ್ಬರದು. ನೀವು ಕೊರಿಯರ್ ಆಫೀಸಿಗೆ ಅಲೆಯಬೇಕಾಗಿಲ್ಲ, ಕಂಪನಿಗೇ ಬರೆಯಿರಿ.

ಇಂಜಿನಿಯರ್ ಮನೆಗೇ ಬಂದು ರಿಪೇರಿ ಮಾಡುತ್ತಾರಂತೆ.

ಹಾಗಾದರೆ ಪಕ್ಕದಲ್ಲೇ ಕೂತು ನೋಡಿ. ಗಟ್ಟಿ ಟೇಬಲ್ ಮೇಲೆ ಮೆತ್ತನೆ ಟವೆಲ್ ಹಾಸಿ ಕೊಡಿ, ಎಷ್ಟೋ ಗೀರು ಡಿಸ್ಪ್ಲೇಯನ್ನು ಬರೀ ಟೇಬಲ್ ಮೇಲೆ ಬೋರಲು ಹಾಕಿ ಎಳೆದದ್ದರಿಂದ ಆಗುತ್ತದೆ. ಅವರು ಹೊರಡುವ ಮೊದಲು ಟಾರ್ಚ್ ಹಿಡಿದು ಇಬ್ಬರೂ ಒಟ್ಟಿಗೆ ನೋಡಿ. ಏನಾದರೂ ಕಂಡರೆ ಅವರ ರಿಪೋರ್ಟ್‌ನಲ್ಲೇ ಬರೆಸಿ. ಆ ಹುಡುಗನ ಮೇಲೆ ಕೂಗಾಡಬೇಡಿ, ದಿನಕ್ಕೆ ಊರೆಲ್ಲ ಸುತ್ತಿ ಹೊತ್ತಿಗೆ ಸರಿಯಾಗಿ ಊಟ ಮಾಡದವನು ಅವನು. ಬರೆದುಕೊಟ್ಟರೆ ಸಾಕು.

ಮೇಲ್‌ನಲ್ಲಿ ಏನಂತ ಬರೆಯಲಿ?

ಚಿಕ್ಕದಾಗಿ ಬರೆಯಿರಿ. ಜಾಬ್ ಶೀಟ್ ನಂಬರ್, ಸೀರಿಯಲ್ ನಂಬರ್, ಕೊಟ್ಟ ತಾರೀಕು, ಪಡೆದ ತಾರೀಕು ಮತ್ತು ಸಮಯ ಮೊದಲ ಸಾಲಿನಲ್ಲೇ ಬರಲಿ. ಆಮೇಲೆ ಹಾನಿ ಎಲ್ಲಿ, ಎಷ್ಟು ಉದ್ದ. ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದ ಫೋಟೋ ಸೇರಿಸಿ. ಆಮೇಲೆ ಕೊಡುವಾಗ ಇರಲಿಲ್ಲ ಅನ್ನುವುದಕ್ಕೆ ಆಧಾರ. ಕೊನೆಗೆ ಏನು ಬೇಕು, ಎಷ್ಟು ದಿನದಲ್ಲಿ. ನನ್ನ ಕೊನೆಯ ಸಾಲು ಹೀಗಿತ್ತು: "ಇದು ವಾರಂಟಿ ಕೋರಿಕೆ ಅಲ್ಲ. ನಿಮ್ಮ ವಶದಲ್ಲಿ ಎಂಟು ದಿನ ಇದ್ದಾಗ ಆದ ಹಾನಿ. ಸಿ ಪ್ಯಾನೆಲ್ ಮತ್ತು ಡಿ ಪ್ಯಾನೆಲ್ ಹೊಸದು ಹಾಕಿಕೊಡಿ. ಏಳು ದಿನದಲ್ಲಿ ಬರಹದಲ್ಲಿ ಉತ್ತರ ಕೊಡಿ."

ಸರ್ವಿಸ್ ಸೆಂಟರ್‌ಗೆ ಮಾತ್ರ ಬರೆದರೆ ಸಾಲದು. ತುಂಬಾ ಕಡೆ ಸೆಂಟರ್ ನಡೆಸುವವರು ಬೇರೆ ಸಂಸ್ಥೆ, ಲ್ಯಾಪ್‌ಟಾಪ್ ಕಂಪನಿ ಬೇರೆ. ಇಬ್ಬರಿಗೂ ಒಂದೇ ಮೇಲ್ ಹೋಗಲಿ. ಫೋನಿನಲ್ಲಿ ಯಾರಾದರೂ ಮಾತಾಡಿದರೆ, ಮುಗಿದ ಕೂಡಲೇ "ಈಗ ನೀವು ಹೀಗೆ ಹೇಳಿದಿರಿ" ಅಂತ ಅದೇ ಮೇಲ್‌ನ ಕೆಳಗೆ ಬರೆದು ಕಳಿಸಿ.

ಏನು ಕೇಳುವುದು ನ್ಯಾಯ? ಹೊಸ ಲ್ಯಾಪ್‌ಟಾಪ್ ಕೇಳಬಹುದಾ?

ಒಂದು ಗೀರಿಗೆ ಹೊಸ ಲ್ಯಾಪ್‌ಟಾಪ್ ಕೇಳಿದರೆ ನಿಮ್ಮ ಮಾತಿಗೇ ತೂಕ ಕಡಿಮೆಯಾಗುತ್ತದೆ. ಹಾಳಾದ ಪ್ಯಾನೆಲ್ ಬದಲಿಸಿಕೊಡಿ ಅನ್ನುವುದು ಸರಿಯಾದ ಬೇಡಿಕೆ. ಅಲ್ಯೂಮಿನಿಯಂ ಮೈ ಆದರೆ "ಪಾಲಿಶ್ ಮಾಡಿ ಕೊಡ್ತೇವೆ" ಅಂದರೆ ಬೇಡ ಅನ್ನಿ. ಆ ಬಣ್ಣ ಬಳಿದದ್ದಲ್ಲ, ಆನೋಡೈಸ್ ಮಾಡಿದ, ಅಂದರೆ ಲೋಹದ ಮೇಲ್ಮೈಯಲ್ಲೇ ವಿದ್ಯುತ್ತಿನಿಂದ ಬೆಳೆಸಿದ ಪದರ. ಉಜ್ಜಿದರೆ ಅದೂ ಹೋಗಿ ಬಿಳಿ ಮಚ್ಚೆ ಇನ್ನೂ ಅಗಲವಾಗುತ್ತದೆ.

ಪ್ಯಾನೆಲ್ ಬದಲಿಸಲು ಮತ್ತೆ ಪೂರ್ತಿ ಬಿಚ್ಚಬೇಕು ಅನ್ನುವುದೂ ನೆನಪಿರಲಿ. ತಳದಲ್ಲಿ ಸಣ್ಣ ಗೀರು ಮಾತ್ರ ಇದ್ದರೆ ನಾನಾದರೆ ಬರೆಸಿಕೊಂಡು ಬಿಟ್ಟುಬಿಡುತ್ತೇನೆ, ಅಥವಾ ವಾರಂಟಿ ಆರು ತಿಂಗಳು ಜಾಸ್ತಿ ಮಾಡಿಕೊಡಿ ಅಂತ ಕೇಳುತ್ತೇನೆ. ಆದರೆ ಲಾಕ್ ಮುರಿದು ಸಂದು ಬಿಟ್ಟಿದ್ದರೆ, ಹಿಂಜ್ ಹತ್ತಿರ ಬಿರುಕಿದ್ದರೆ, ದಿನವೂ ಕಣ್ಣಿಗೆ ಬೀಳುವ ಸಿ ಪ್ಯಾನೆಲ್ ಆದರೆ ಬಿಡಬೇಡಿ. ಹಿಂಜ್ ಪಕ್ಕದ ಕೂದಲೆಳೆಯಷ್ಟು ಬಿರುಕು ಇವತ್ತು ಬರೀ ನೋಟದ ತೊಂದರೆ, ಆರು ತಿಂಗಳಿಗೆ ಡಿಸ್ಪ್ಲೇಯನ್ನೇ ಕಿತ್ತುಕೊಂಡು ಬರುತ್ತದೆ. ಆಗ ವಾರಂಟಿ ಇರುವುದಿಲ್ಲ.

ತಳ ಉಬ್ಬಿದೆ, ಟಚ್‌ಪ್ಯಾಡ್ ಮೇಲೆದ್ದಿದೆ. ಇದೂ ಗೀರಿನ ಹಾಗೇನಾ?

ಅಲ್ಲ. ಇದು ಬ್ಯಾಟರಿ ಊದಿರುವ ಲಕ್ಷಣ. ಪ್ಯಾನೆಲ್ ಒತ್ತಿ ಕೂರಿಸಲು ಹೋಗಬೇಡಿ, ಚಾರ್ಜಿಗೆ ಹಾಕಬೇಡಿ, ಹಾಸಿಗೆ ಮೇಲೆ ಇಡಬೇಡಿ. ಊದಿದ ಲಿಥಿಯಂ ಬ್ಯಾಟರಿಗೆ ಪೆಟ್ಟಾದರೆ ಬೆಂಕಿ ಹತ್ತಬಹುದು. ಆಫ್ ಮಾಡಿ, ಇವತ್ತೇ ಅವರಿಗೆ ತಿಳಿಸಿ.

ಲ್ಯಾಮಿಂಗ್ಟನ್ ರೋಡಿನಲ್ಲಿ ಪ್ಯಾನೆಲ್ ಹಾಕಿಸಿಬಿಡಲೇ?

ಗ್ರ್ಯಾಂಟ್ ರೋಡ್ ಸ್ಟೇಷನ್‌ನಲ್ಲಿ ಇಳಿದು ನಡೆದರೆ ಸಿಗುವ ಆ ಬೀದಿಯಲ್ಲಿ ಎಂಥ ಮಾಡೆಲ್‌ನ ಪ್ಯಾನೆಲ್ ಕೇಳಿದರೂ ಹುಡುಕಿ ಕೊಡುತ್ತಾರೆ, ಕೈಚಳಕ ಇರುವವರೂ ಇದ್ದಾರೆ. ಆದರೆ ವಾರಂಟಿ ಇರುವಾಗ ಬೇಡ. ಹೊರಗೆ ಬಿಚ್ಚಿಸಿದ್ದು ಗೊತ್ತಾದರೆ ಮುಂದಿನ ತೊಂದರೆಗೆಲ್ಲ ಅದನ್ನೇ ಕಾರಣ ಮಾಡುತ್ತಾರೆ, ಈಗಿನ ಗೀರಿನ ಸಾಕ್ಷಿಯೂ ಕೈಬಿಟ್ಟು ಹೋಗುತ್ತದೆ. ವಾರಂಟಿ ಮುಗಿದ ಮೇಲೆ ಧಾರಾಳವಾಗಿ ಹೋಗಿ. ಅವರಿಂದ ಪ್ಯಾನೆಲ್‌ನ ಬೆಲೆಯ ಒಂದು ಕೊಟೇಶನ್ ಮಾತ್ರ ಈಗಲೇ ಬರೆಸಿಕೊಂಡು ಬರಬಹುದು, ನಷ್ಟ ಎಷ್ಟು ಅಂತ ತೋರಿಸಲು ಕೆಲಸಕ್ಕೆ ಬರುತ್ತದೆ.

ಮೇಲ್‌ಗೆ "ಆಗಲ್ಲ" ಅಂತ ಉತ್ತರ ಬಂತು. ಮುಂದೆ?

ನನಗೆ ಮೂರನೇ ದಿನ ಅದೇ ಉತ್ತರ ಬಂತು, ವಾರಂಟಿಯಲ್ಲಿ ಬರಲ್ಲ ಅನ್ನುವ ಎರಡು ಸಾಲು. ಆಗ 1915ಕ್ಕೆ ಫೋನ್ ಮಾಡಿದೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಇರುತ್ತದೆ, ಒಟ್ಟು 17 ಭಾಷೆಯಲ್ಲಿ ಮಾತಾಡಬಹುದು, ಅದರಲ್ಲಿ ಕನ್ನಡವೂ ಒಂದು. ಮುಂಬಯಿಯಲ್ಲಿ ಕೂತು ಕನ್ನಡದಲ್ಲಿ ದೂರು ಹೇಳಬಹುದು ಅಂತ ನನಗೆ ಗೊತ್ತೇ ಇರಲಿಲ್ಲ. ಕಂಪನಿಯ ಜೊತೆ ಅರೆಬರೆ ಹಿಂದಿಯಲ್ಲಿ ಮಾತಾಡಿ ಸಾಕಾಗಿದ್ದವಳಿಗೆ ಅದೇ ಒಂದು ಧೈರ್ಯ. ಅವರ ವೆಬ್‌ಸೈಟ್‌ನಲ್ಲೂ ದೂರು ಹಾಕಬಹುದು, ಫೋಟೋ ಸೇರಿಸಲು ಅದೇ ಅನುಕೂಲ. ಸಹಾಯವಾಣಿ ಆದೇಶ ಕೊಡುವುದಿಲ್ಲ, ದೂರನ್ನು ಕಂಪನಿಗೆ ತಲುಪಿಸಿ ಉತ್ತರ ಕೇಳುತ್ತದೆ. ಆದರೆ ಅಲ್ಲಿಂದ ಹೋದ ದೂರು ಕಂಪನಿಯಲ್ಲಿ ಬೇರೆಯವರ ಟೇಬಲ್‌ಗೆ ಬೀಳುತ್ತದೆ. ನನ್ನ ದೂರು ಹೋದ ಐದನೇ ದಿನ ಫೋನ್ ಬಂತು.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯಿದೆ ಬಂದ ಮೇಲೆ ನೀವು ವಾಸ ಮಾಡುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಡೊಂಬಿವಿಲಿ, ಕಲ್ಯಾಣ್‌ನವರು ಠಾಣೆ ಜಿಲ್ಲೆಯಲ್ಲಿ, ಪುಣೆಯವರು ಪುಣೆಯಲ್ಲಿ. ಕೊಂಡ ವಸ್ತುವಿನ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ, ನೀವೇ ಮಾತಾಡಬಹುದು. ಹಾನಿಯಾದ ಎರಡು ವರ್ಷದೊಳಗೆ ಹಾಕಬೇಕು. 2025ರಿಂದ ಇ-ಜಾಗೃತಿ ಅನ್ನುವ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಅದಕ್ಕೂ ಮೊದಲು ಒಂದು ನೋಟಿಸ್ ಕಳಿಸಬೇಕು ಅಂತ ಕಾಯಿದೆಯಲ್ಲಿ ಇಲ್ಲ, ಆದರೂ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಎಷ್ಟೋ ಕೇಸು ಅಲ್ಲೇ ಮುಗಿಯುತ್ತದೆ. ಬರೆಯಲು ತೋಚದಿದ್ದರೆ 1975ರಿಂದ ಇರುವ ಮುಂಬಯಿ ಗ್ರಾಹಕ ಪಂಚಾಯತ್‌ನಂಥ ಸಂಸ್ಥೆಯವರನ್ನು ಕೇಳಿ, ದಾರಿ ಹೇಳುತ್ತಾರೆ.

ಸಮಯ ಹಿಡಿಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಸಣ್ಣ ಗೀರಿಗೆ ಆಯೋಗದವರೆಗೆ ಹೋಗಿ ಅಂತ ನಾನು ಹೇಳಲಾರೆ. ಡಿಸ್ಪ್ಲೇ ಒಡೆದಿದ್ದರೆ, ಮೈ ಸೊಟ್ಟಗಾಗಿದ್ದರೆ ಖಂಡಿತ ಹೋಗಿ.

ಆಫೀಸಿನ ಲ್ಯಾಪ್‌ಟಾಪ್ ಆದರೆ?

ನೀವು ಯಾರಿಗೂ ಬರೆಯಬೇಡಿ. ಫೋಟೋ ತೆಗೆದು ಅದೇ ದಿನ ನಿಮ್ಮ ಐಟಿಯವರಿಗೆ ಮೇಲ್ ಮಾಡಿ. ಕೆಲಸ ಬಿಡುವ ದಿನ ವಾಪಸ್ ಕೊಡುವಾಗ ಆ ಗೀರು ನಿಮ್ಮ ಲೆಕ್ಕಕ್ಕೆ ಬರಬಾರದಲ್ವಾ.

ನಿಮ್ಮದು ಕೊನೆಗೆ ಏನಾಯಿತು?

ಫೋನ್ ಮಾಡಿದವರು ಮೊದಲು ಡಿ ಪ್ಯಾನೆಲ್ ಮಾತ್ರ ಹಾಕಿಕೊಡುತ್ತೇವೆ ಅಂದರು. ಗಣಪತಿಯ ಫೋಟೋ, "ಓಕೆ" ಅಂತ ಬರೆದ ಜಾಬ್ ಶೀಟ್ ಎರಡನ್ನೂ ಮತ್ತೆ ಕಳಿಸಿದೆ. ಮರುದಿನ ಎರಡೂ ಪ್ಯಾನೆಲ್‌ಗೆ ಒಪ್ಪಿದರು. ಪಾರ್ಟ್ ಬರಲು ಹನ್ನೆರಡು ದಿನ ಆಯಿತು. 24ನೇ ದಿನ ಮಗಳನ್ನೂ ಕರೆದುಕೊಂಡು ಹೋದೆ. ಕೌಂಟರ್ ಮೇಲೆ ಲ್ಯಾಪ್‌ಟಾಪ್ ಇಟ್ಟರು, ನಾನು ಟಾರ್ಚ್ ಹಚ್ಚಿದೆ. ಅದೇ "ಓಕೆ" ಬರೆದಿದ್ದ ಹುಡುಗಿ ಬಗ್ಗಿ ನನ್ನ ಜೊತೆ ನಾಲ್ಕೂ ಅಂಚು ನೋಡಿದಳು. ಬಲಗಡೆ ಸ್ಪೀಕರ್ ಪಕ್ಕ ಒಂದು ಚುಕ್ಕೆ ಕಂಡಿತು. ಅವಳೇ ಬಟ್ಟೆಯಿಂದ ಒರೆಸಿದಳು, ಹೋಯಿತು, ಧೂಳು. ಮಗಳು ಎಲ್ಲ ಕೀ ಒತ್ತಿ ನೋಡಿ ಮುಗಿಸಿದ ಮೇಲೆ ಸಹಿ ಹಾಕಿದೆ.